ಆಫೀಸಿನ ಜನಾಂಗ ತಾರತಮ್ಯ ಅಮೆರಿಕದ ಕೋರ್ಟಿಗೆ ಬಂದಾಗ

ಪ್ರಶ್ನೆ: ಮೇಡಂ, ನಾನು ಟೆಕ್ಸಾಸ್‌ನಲ್ಲಿ ಸುಮಾರು 400 ಜನರಿರುವ ಖಾಸಗಿ ಕಂಪನಿಯೊಂದರಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಚ್-1ಬಿ ವೀಸಾ. ಟೀಮ್ ಲೀಡ್ ಹುದ್ದೆಗೆ ಎರಡು ಸಲ ಅರ್ಜಿ ಹಾಕಿದ್ದೆ, ಎರಡು ವರ್ಷದ ಹಿಂದೆ ಒಮ್ಮೆ, ಐದು ತಿಂಗಳ ಹಿಂದೆ ಮತ್ತೊಮ್ಮೆ. ಎರಡೂ ಸಲ ನನಗಿಂತ ಕಡಿಮೆ ಅನುಭವದ ಬಿಳಿಯ ಸಹೋದ್ಯೋಗಿಗಳಿಗೆ ಕೊಟ್ಟರು. ‘ನಿಮ್ಮ ಉಚ್ಚಾರಣೆ ಗ್ರಾಹಕರಿಗೆ ಅರ್ಥವಾಗುವುದಿಲ್ಲ’ ಎಂದು ಮ್ಯಾನೇಜರ್ ಹೇಳಿದರು. ‘ನಿಮ್ಮ ಕಡೆಯವರು ಕೋಡ್ ಬರೆಯೋದಕ್ಕೆ ಸರಿ, ಜನರನ್ನು ನಡೆಸೋದಕ್ಕಲ್ಲ’ ಎಂದು ಮೀಟಿಂಗೊಂದರಲ್ಲಿ ಅಂದದ್ದೂ ಇದೆ. ಮೂರು ತಿಂಗಳ ಹಿಂದೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ದೂರು ಕೊಟ್ಟೆ. ಐದೇ ವಾರದಲ್ಲಿ ನನ್ನನ್ನು ಪಿಐಪಿಗೆ, ಎಂದರೆ ನಿಗದಿತ ಅವಧಿಯಲ್ಲಿ ಕೆಲಸ ಸುಧಾರಿಸಿ ತೋರಿಸಬೇಕಾದ ಯೋಜನೆಗೆ, ಹಾಕಿದರು. ಅಲ್ಲಿಯವರೆಗೆ ವಾರ್ಷಿಕ ರೇಟಿಂಗ್ ಚೆನ್ನಾಗಿಯೇ ಇತ್ತು. ಕೋರ್ಟಿಗೆ ಹೋದರೆ ಇದನ್ನು ಹೇಗೆ ನೋಡುತ್ತಾರೆ? ಗೆಲ್ಲಬಹುದೇ?

ಉತ್ತರ: ಗೆಲುವಿನ ಮಾತಿಗೆ ಮೊದಲು ತುರ್ತಿನ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ‘ಐದು ತಿಂಗಳ ಹಿಂದೆ’ ಎಂಬಲ್ಲಿ. ಟೆಕ್ಸಾಸ್ ರಾಜ್ಯದ ಕಾನೂನಿನಡಿ ದೂರು ದಾಖಲಿಸಲು ಇರುವ ಗಡುವು 180 ದಿನ. ಫೆಡರಲ್ ಕಾನೂನಿನಡಿ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ, ಎಲ್ಲರೂ ಇಇಒಸಿ ಎನ್ನುವ ಸಂಸ್ಥೆಗೆ, ದೂರು ಕೊಡಲು ನಿಮ್ಮ ರಾಜ್ಯದಲ್ಲಿ 300 ದಿನವಿದೆ. ಎಣಿಕೆ ಶುರುವಾಗುವುದು ಬಡ್ತಿ ನಿಮಗಿಲ್ಲವೆಂದು ತಿಳಿಸಿದ ದಿನದಿಂದ. ಎಚ್‌ಆರ್ ಇನ್ನೂ ವಿಚಾರಿಸುತ್ತಿದೆ ಎಂಬ ಕಾರಣಕ್ಕೆ ಈ ಎಣಿಕೆ ನಿಲ್ಲುವುದಿಲ್ಲ. ಎಚ್‌ಆರ್ ಉತ್ತರಕ್ಕೆ ಕಾಯುತ್ತ ಕೂತು ಗಡುವು ಮೀರಿಸಿಕೊಂಡ ಒಳ್ಳೊಳ್ಳೆಯ ದೂರುಗಳಿವೆ. ಅದನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ರಾಜ್ಯದ ಗಡುವಿಗೆ ನಿಮಗೆ ಉಳಿದಿರುವುದು ಹೆಚ್ಚೆಂದರೆ ಒಂದು ತಿಂಗಳು.

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ನಿಮಗೆ ಅನ್ಯಾಯವಾಯಿತೇ, ಮ್ಯಾನೇಜರ್ ಒರಟರೇ, ಆ ಹುದ್ದೆ ನ್ಯಾಯವಾಗಿ ನಿಮಗೆ ಸೇರಬೇಕಿತ್ತೇ ಎಂಬುದನ್ನು ಕೋರ್ಟ್ ತೀರ್ಮಾನಿಸುವುದಿಲ್ಲ. ‘ನಾವು ಕಂಪನಿಗಳ ಮೇಲಿನ ಇನ್ನೊಂದು ಎಚ್‌ಆರ್ ವಿಭಾಗವಲ್ಲ’ ಎಂಬ ಅರ್ಥದ ಮಾತು ಅಲ್ಲಿನ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಂಪನಿ ಮೂರ್ಖ ನಿರ್ಧಾರ ತೆಗೆದುಕೊಳ್ಳಬಹುದು, ಪಕ್ಷಪಾತದಿಂದ ಗೆಳೆಯನಿಗೆ ಬಡ್ತಿ ಕೊಡಬಹುದು. ಅದು ಈ ಕಾನೂನಿನ ಕೈಗೆ ಸಿಗುವುದಿಲ್ಲ. ಕೋರ್ಟ್ ಕೇಳುವುದು ಒಂದೇ: ನಿಮ್ಮ ಜನಾಂಗ ಬೇರೆಯಾಗಿದ್ದರೆ ಇದೇ ಫಲಿತಾಂಶ ಬರುತ್ತಿತ್ತೇ? ನೀವು ಸಂಗ್ರಹಿಸುವ ಪ್ರತಿ ಕಾಗದವೂ ಈ ಪ್ರಶ್ನೆಗೆ ಉತ್ತರವಾಗಬೇಕು.

ನಿಮಗೆ ಎರಡು ಕಾನೂನುಗಳ ಆಸರೆಯಿದೆ. ಒಂದು, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಟೈಟಲ್ ಸೆವೆನ್. ಅದು 15 ಅಥವಾ ಹೆಚ್ಚು ನೌಕರರಿರುವ ಕಡೆ ಜನಾಂಗ, ಬಣ್ಣ, ಧರ್ಮ, ಲಿಂಗ, ರಾಷ್ಟ್ರೀಯ ಮೂಲ ಇವುಗಳ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಇನ್ನೊಂದು, ಅಂತರ್ಯುದ್ಧ ಮುಗಿದ ಮರುವರ್ಷ, 1866ರಲ್ಲಿ, ಬಿಡುಗಡೆಯಾದ ಕಪ್ಪು ಜನರಿಗಾಗಿ ಮಾಡಿದ ಕಾಯ್ದೆಯಿಂದ ಉಳಿದು ಬಂದ ಸೆಕ್ಷನ್ 1981. ಇದಕ್ಕೆ ನೌಕರರ ಸಂಖ್ಯೆಯ ಮಿತಿಯಿಲ್ಲ, ಇಇಒಸಿ ಬಾಗಿಲು ತಟ್ಟಬೇಕಾಗಿಲ್ಲ, ಸಾಮಾನ್ಯವಾಗಿ 4 ವರ್ಷದವರೆಗೆ ದಾವೆ ಹೂಡಬಹುದು. ಕೆಲವು ಬಗೆಯ ಬಡ್ತಿ ಪ್ರಕರಣಗಳಲ್ಲಿ ಮಾತ್ರ ರಾಜ್ಯದ ಕಡಿಮೆ ಗಡುವು ಅನ್ವಯಿಸುತ್ತದೆ. ಆದ್ದರಿಂದ ಎರಡು ವರ್ಷದ ಹಿಂದಿನ ಬಡ್ತಿಯ ಬಗ್ಗೆ ಈ ವಾರವೇ ವಕೀಲರನ್ನು ಕೇಳಿ. ಸೆಕ್ಷನ್ 1981 ಜನಾಂಗಕ್ಕಷ್ಟೇ ಸೀಮಿತ, ರಾಷ್ಟ್ರೀಯ ಮೂಲಕ್ಕಲ್ಲ. ಹಾಗಾದರೆ ಭಾರತೀಯರು ಇದರಡಿ ಬರುತ್ತಾರೆಯೇ? ಬರುತ್ತಾರೆ. ಇರಾಕ್‌ನಲ್ಲಿ ಹುಟ್ಟಿದ ಪ್ರಾಧ್ಯಾಪಕರೊಬ್ಬರ ಪ್ರಕರಣದಲ್ಲಿ, ಸೇಂಟ್ ಫ್ರಾನ್ಸಿಸ್ ಕಾಲೇಜ್ ವಿರುದ್ಧ ಅಲ್-ಖಜ್ರಾಜಿ, 1987ರಲ್ಲಿ ಸುಪ್ರೀಂ ಕೋರ್ಟ್ ವಂಶ ಮತ್ತು ಜನಾಂಗೀಯ ಲಕ್ಷಣಗಳ ಕಾರಣಕ್ಕೆ ನಡೆಯುವ ತಾರತಮ್ಯವೂ ಇದರೊಳಗೆ ಸೇರುತ್ತದೆ ಎಂದಿತು. ಹುಟ್ಟಿದ ದೇಶವೊಂದೇ ಕಾರಣವಾಗಿದ್ದರೆ ಸೇರುವುದಿಲ್ಲ. ಹಾಗಾಗಿ ದೂರಿನಲ್ಲಿ ‘ನಾನು ಭಾರತದಿಂದ ಬಂದವನು’ ಎಂದಷ್ಟೇ ಬರೆದು ನಿಲ್ಲಿಸಬೇಡಿ; ಜನಾಂಗ, ಬಣ್ಣ, ರಾಷ್ಟ್ರೀಯ ಮೂಲ, ಪ್ರತೀಕಾರ ನಾಲ್ಕನ್ನೂ ಗುರುತು ಮಾಡಿ.

‘ಜನಾಂಗದಿಂದಾಗಿಯೇ ನಿಮಗೆ ಬಡ್ತಿ ಕೊಟ್ಟಿಲ್ಲ’ ಎಂದು ಯಾರೂ ಬರೆದುಕೊಡುವುದಿಲ್ಲ. ಆದ್ದರಿಂದ ಹೆಚ್ಚಿನ ಪ್ರಕರಣಗಳು 1973ರ ಮೆಕ್‌ಡೊನೆಲ್ ಡಗ್ಲಸ್ ವಿರುದ್ಧ ಗ್ರೀನ್ ತೀರ್ಪಿನ ದಾರಿ ಹಿಡಿಯುತ್ತವೆ. ಸೇಂಟ್ ಲೂಯಿಸ್‌ನ ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದ ಪರ್ಸಿ ಗ್ರೀನ್ ನಾಗರಿಕ ಹಕ್ಕುಗಳ ಹೋರಾಟಗಾರರೂ ಆಗಿದ್ದರು. 1964ರಲ್ಲಿ ಕೆಲಸ ಹೋಯಿತು. ಕಂಪನಿಯ ವಿರುದ್ಧದ ರಸ್ತೆ ತಡೆಯಲ್ಲಿ ಪಾಲ್ಗೊಂಡರು. ಆಮೇಲೆ ಅದೇ ಕೆಲಸಕ್ಕೆ ಅರ್ಜಿ ಹಾಕಿದಾಗ ಕಂಪನಿ ಆ ಪ್ರತಿಭಟನೆಯನ್ನೇ ಕಾರಣವಾಗಿ ತೋರಿಸಿ ತಿರಸ್ಕರಿಸಿತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ಹಂತ ಹಾಕಿಕೊಟ್ಟಿತು. ಮೊದಲು ನೌಕರ ಮೇಲ್ನೋಟದ ಪ್ರಕರಣ ಕಟ್ಟಬೇಕು: ಅರ್ಹತೆಯಿತ್ತು, ಅರ್ಜಿ ಹಾಕಿದೆ, ತಿರಸ್ಕರಿಸಿದರು, ಹುದ್ದೆ ನನ್ನ ಗುಂಪಿನ ಹೊರಗಿನವರಿಗೆ ಹೋಯಿತು. ನಿಮ್ಮದು ಇಲ್ಲಿ ಸುಲಭವಾಗಿ ದಾಟುತ್ತದೆ. ನಂತರ ಕಂಪನಿ ಒಂದು ನ್ಯಾಯಸಮ್ಮತ ಕಾರಣ ಹೇಳಬೇಕು. ಹೇಳಿದರೆ ಸಾಕು, ಸಾಬೀತು ಮಾಡಬೇಕಿಲ್ಲ. ಆಮೇಲೆ ಭಾರ ನಿಮ್ಮ ಮೇಲೆ ವಾಪಸು: ಆ ಕಾರಣ ಬರೀ ನೆಪ ಎಂದು ತೋರಿಸಬೇಕು. ದೇಶದ ತುಂಬ ಇವತ್ತಿಗೂ ಬಳಕೆಯಲ್ಲಿರುವ ಈ ಪರೀಕ್ಷೆ ಯಾರ ಪ್ರಕರಣದಿಂದ ಹುಟ್ಟಿತೋ ಆ ಗ್ರೀನ್ ಅವರೇ, ಪ್ರಕರಣ ಕೆಳಗಿನ ಕೋರ್ಟಿಗೆ ಮರಳಿದಾಗ, ಸೋತರು.

ಕೇಸು ಉಳಿಯುವುದೂ ಬೀಳುವುದೂ ಈ ಮೂರನೇ ಹಂತದಲ್ಲಿ. ಇಲ್ಲಿ ಒಂದು ಕಹಿ ಸತ್ಯವಿದೆ. ಕಂಪನಿ ಹೇಳಿದ ಕಾರಣ ಸುಳ್ಳು ಎಂದು ನೀವು ತೋರಿಸಿದ ಮಾತ್ರಕ್ಕೆ ಗೆದ್ದಂತಲ್ಲ. 1993ರ ಸೇಂಟ್ ಮೇರೀಸ್ ಆನರ್ ಸೆಂಟರ್ ವಿರುದ್ಧ ಹಿಕ್ಸ್ ಪ್ರಕರಣದಲ್ಲಿ ಕಪ್ಪು ವರ್ಣದ ಅಧಿಕಾರಿಯೊಬ್ಬರನ್ನು ತೆಗೆದುಹಾಕಲು ಕೊಟ್ಟ ಕಾರಣಗಳು ನಿಜವಲ್ಲ ಎಂದು ವಿಚಾರಣಾ ನ್ಯಾಯಾಧೀಶರೇ ಒಪ್ಪಿದ್ದರು. ಆದರೆ ಅದು ವೈಯಕ್ತಿಕ ದ್ವೇಷವಿರಬಹುದು, ಜನಾಂಗವೇ ಕಾರಣ ಎಂದು ಸಾಬೀತಾಗಿಲ್ಲ ಎಂದರು. ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ, ಸುಳ್ಳು ಬಯಲಾದರೆ ನೌಕರ ತಾನಾಗಿ ಗೆಲ್ಲುವುದಿಲ್ಲ ಎಂದಿತು. ನನ್ನ ಮಟ್ಟಿಗೆ ಇದು ನೌಕರರಿಗೆ ಅತಿ ಕಠಿಣವಾದ ತೀರ್ಪು: ನ್ಯಾಯಾಲಯದ ಮುಂದೆ ಸುಳ್ಳು ಹೇಳಿದವರಿಗೆ ಅದು ತಪ್ಪಿಸಿಕೊಳ್ಳುವ ದಾರಿ ಬಿಟ್ಟಿತು. 2000ದಲ್ಲಿ ರೀವ್ಸ್ ಪ್ರಕರಣ ಸ್ವಲ್ಪ ಸಮತೋಲ ತಂದಿತು. ಅದು ವಯಸ್ಸಿನ ತಾರತಮ್ಯದ ಪ್ರಕರಣವಾದರೂ ಇಲ್ಲಿಗೂ ಅನ್ವಯಿಸುತ್ತದೆ: ಕಾರಣ ಸುಳ್ಳೆಂದು ಕಂಡರೆ ಅದರಿಂದಲೇ ತಾರತಮ್ಯ ನಡೆದಿದೆ ಎಂದು ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಮಂಡಳಿ) ತೀರ್ಮಾನಿಸಬಹುದು, ತೀರ್ಮಾನಿಸಲೇಬೇಕೆಂದಿಲ್ಲ.

ನೆಪವನ್ನು ಬಯಲು ಮಾಡುವುದು ಹೇಗೆ? ಬದಲಾಗುವ ಕಾರಣಗಳಿಂದ. ನಿಮ್ಮ ಮ್ಯಾನೇಜರ್ ಈಗ ಉಚ್ಚಾರಣೆ ಎನ್ನುತ್ತಾರೆ. ನಾಳೆ ಇಇಒಸಿಗೆ ಕೊಡುವ ಲಿಖಿತ ಉತ್ತರದಲ್ಲಿ ಕಂಪನಿಯ ವಕೀಲರು ‘ನಾಯಕತ್ವದ ಗುಣ ಕಡಿಮೆ’ ಎನ್ನಬಹುದು, ಸಾಕ್ಷಿ ಹೇಳುವಾಗ ‘ಸಂದರ್ಶನದಲ್ಲಿ ಅಂಕ ಕಡಿಮೆ’ ಎನ್ನಬಹುದು. ಆ ಲಿಖಿತ ಉತ್ತರದ ಪ್ರತಿಯನ್ನು ಕೇಳಿ ಪಡೆಯುವ ಅವಕಾಶ ದೂರುದಾರರಿಗಿದೆ. ಎಷ್ಟೋ ಜನ ಕೇಳುವುದೇ ಇಲ್ಲ. ಕಂಪನಿ ತನ್ನದೇ ನಿಯಮ ಮುರಿದಿದ್ದರೆ ಅದೂ ಬಲವಾದ ಸಾಕ್ಷ್ಯ: ಮೂವರ ಸಮಿತಿ ಸಂದರ್ಶನ ಮಾಡಬೇಕಿದ್ದಲ್ಲಿ ಒಬ್ಬರೇ ನಿರ್ಧರಿಸಿದರೇ, ಜಾಹೀರಾತಿನಲ್ಲಿ ಐದು ವರ್ಷದ ಅನುಭವ ಕೇಳಿ ಆಯ್ಕೆಯಾದವರಿಗೆ ಅದಕ್ಕಿಂತ ಕಡಿಮೆಯಿತ್ತೇ?

ಅರ್ಹತೆಯ ಹೋಲಿಕೆಯಲ್ಲಿ ಹುಷಾರಾಗಿರಿ. ನಿಮಗೆ ಒಂದೆರಡು ವರ್ಷದ ಅನುಭವ ಹೆಚ್ಚಿದೆ ಎಂಬುದು ನಿಮ್ಮ ಕಣ್ಣಿಗೆ ದೊಡ್ಡದು, ಐದನೇ ಸರ್ಕಿಟ್‌ನ ನ್ಯಾಯಾಧೀಶರಿಗೆ ಅಲ್ಲ. ಸರ್ಕಿಟ್ ಎಂದರೆ ಕೆಲವು ರಾಜ್ಯಗಳಿಗೆ ಸೇರಿ ಇರುವ ಫೆಡರಲ್ ಮೇಲ್ಮನವಿ ಕೋರ್ಟು. ಟೆಕ್ಸಾಸ್ ಬರುವುದು ಐದನೆಯದರ ಅಡಿಯಲ್ಲಿ, ಅಲ್ಲಿ ನೀವು ‘ಸ್ಪಷ್ಟವಾಗಿ ಹೆಚ್ಚು ಅರ್ಹರು’ ಎಂದು ತೋರಿಸಬೇಕು. ಒಂದು ಕಾಲದಲ್ಲಿ ಕೆಲವು ಮೇಲ್ಮನವಿ ಕೋರ್ಟುಗಳು ಅರ್ಹತೆಯ ಅಂತರ ಪುಟದಿಂದ ಜಿಗಿದು ಕೆನ್ನೆಗೆ ಹೊಡೆಯುವಷ್ಟಿರಬೇಕು ಎಂದೇ ಬರೆಯುತ್ತಿದ್ದವು. 2006ರಲ್ಲಿ ಆ್ಯಶ್ ವಿರುದ್ಧ ಟೈಸನ್ ಫುಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಗೋಲನ್ನು ತಿರಸ್ಕರಿಸಿತು. ಅಲಬಾಮಾದ ಕೋಳಿ ಸಂಸ್ಕರಣಾ ಘಟಕದಲ್ಲಿ ಬಡ್ತಿ ಸಿಗದ ಇಬ್ಬರು ಕಪ್ಪು ನೌಕರರ ಪ್ರಕರಣ ಅದು. ಮ್ಯಾನೇಜರ್ ಆ ಇಬ್ಬರನ್ನು ‘ಬಾಯ್’ (ಕಪ್ಪು ಗಂಡಸರನ್ನು ಹೀಗಳೆಯಲು ಬಳಸುತ್ತಿದ್ದ ಪದ) ಎಂದು ಕರೆದದ್ದರ ಬಗ್ಗೆ ಕೋರ್ಟ್ ಹೇಳಿದ್ದು ನಿಮಗೂ ಬೇಕಾಗುತ್ತದೆ: ಮಾತಿನ ಅರ್ಥ ಸಂದರ್ಭ, ಧ್ವನಿ, ಸ್ಥಳೀಯ ರೂಢಿ, ಹಿಂದಿನ ಬಳಕೆ ಇವೆಲ್ಲದರಿಂದ ನಿರ್ಧಾರವಾಗುತ್ತದೆ.

‘ನಿಮ್ಮ ಕಡೆಯವರು’ ಎಂಬ ಮಾತಿಗೆ ಕಂಪನಿಯ ವಕೀಲರು ‘ಬಿಡಿ ಮಾತು’ ಎಂಬ ಹಣೆಪಟ್ಟಿ ಅಂಟಿಸುತ್ತಾರೆ, ಅದು ಖಚಿತ. ಅದನ್ನು ತಡೆಯಲು ನಾಲ್ಕು ಸಂಗತಿ ಬೇಕು. ಮಾತು ನಿಮ್ಮ ಜನಾಂಗದ ಬಗ್ಗೆ ಇರಬೇಕು, ನಿರ್ಧಾರದ ಸಮಯಕ್ಕೆ ಹತ್ತಿರವಿರಬೇಕು, ನಿರ್ಧಾರ ಮಾಡಿದವರ ಬಾಯಿಂದ ಬಂದಿರಬೇಕು, ಆ ನಿರ್ಧಾರಕ್ಕೇ ಸಂಬಂಧಿಸಿರಬೇಕು. ಬೇರೆ ಸಾಕ್ಷ್ಯದ ಜೊತೆಗಿಟ್ಟಾಗ ಕೋರ್ಟ್ ಇಷ್ಟು ಬಿಗಿಯಾಗಿರುವುದಿಲ್ಲ. ಕೋಡ್ ಬರೆಯೋದಕ್ಕೆ ಸರಿ, ಜನರನ್ನು ನಡೆಸೋದಕ್ಕಲ್ಲ ಎಂಬುದು ನೇರವಾಗಿ ಲೀಡ್ ಹುದ್ದೆಗೆ ತಾಗುವ ಮಾತು. ನಿಮ್ಮ ಕೈಯಲ್ಲಿರುವ ಒಳ್ಳೆಯ ಸಾಕ್ಷ್ಯಗಳಲ್ಲಿ ಅದೂ ಒಂದು. ಯಾವ ದಿನ, ಯಾವ ಮೀಟಿಂಗ್, ಯಾರು ಯಾರಿದ್ದರು ಎಂದು ಈಗಲೇ ಬರೆದಿಡಿ. ಬಡ್ತಿ ಪತ್ರಕ್ಕೆ ಸಹಿ ಹಾಕಿದ್ದು ಮ್ಯಾನೇಜರ್ ಅಲ್ಲ, ಉಪಾಧ್ಯಕ್ಷರು ಎನ್ನುತ್ತಾರೆಯೇ? ಪೂರ್ವಗ್ರಹವಿದ್ದ ಮೇಲಧಿಕಾರಿಯ ವರದಿಯೇ ಆ ಸಹಿಗೆ ಕಾರಣವಾಗಿದ್ದರೆ ಕಂಪನಿ ಹೊಣೆಯಾಗಬಹುದು. 2011ರ ಸ್ಟಾಬ್ ಪ್ರಕರಣ ಆ ತತ್ವವನ್ನು ಎತ್ತಿಹಿಡಿದಿದೆ.

ಉಚ್ಚಾರಣೆಯ ವಿಷಯದಲ್ಲಿ ನಿಮಗೆ ಸುಳ್ಳು ಧೈರ್ಯ ಕೊಡಲಾರೆ. 1989ರಲ್ಲಿ ಒಂಬತ್ತನೇ ಸರ್ಕಿಟ್‌ನ ಮುಂದೆ ಬಂದ ಫ್ರಾಗಾಂಟೆ ಪ್ರಕರಣದಲ್ಲಿ ಫಿಲಿಪ್ಪೀನ್ಸ್ ಮೂಲದ ಅರ್ಜಿದಾರರು ಹೊನೊಲುಲುವಿನ ಗುಮಾಸ್ತ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ 721 ಜನರಲ್ಲಿ ಮೊದಲಿಗರಾಗಿ ಬಂದಿದ್ದರು. ಮಾತು ಅರ್ಥವಾಗುವುದಿಲ್ಲ ಎಂದು ಕೆಲಸ ಕೊಡಲಿಲ್ಲ. ಕೌಂಟರ್‌ನಲ್ಲಿ ಜನರೊಡನೆ ಮಾತಾಡುವುದೇ ಆ ಕೆಲಸ ಎಂಬ ಕಾರಣಕ್ಕೆ ಅವರು ಸೋತರು. ಆದರೆ ಅದೇ ತೀರ್ಪು ನಿಯಮವನ್ನೂ ಹೇಳಿತು: ಉಚ್ಚಾರಣೆ ಕೆಲಸಕ್ಕೆ ನಿಜವಾಗಿ ಅಡ್ಡಿಯಾದರೆ ಮಾತ್ರ ಅದು ಕಾರಣವಾಗಬಲ್ಲದು, ಮತ್ತು ಇಂಥ ಕಾರಣವನ್ನು ಕೋರ್ಟುಗಳು ಸೂಕ್ಷ್ಮವಾಗಿ ಪರಿಶೀಲಿಸಬೇಕು, ಏಕೆಂದರೆ ಮೂಲದ ಬಗೆಗಿನ ತಿರಸ್ಕಾರ ಇದರ ಹಿಂದೆ ಸುಲಭವಾಗಿ ಅವಿತುಕೊಳ್ಳುತ್ತದೆ. ಆರು ವರ್ಷದಲ್ಲಿ ನೀವು ಎಷ್ಟು ಗ್ರಾಹಕರ ಕರೆಗಳನ್ನು ನಡೆಸಿದ್ದೀರಿ? ಮೆಚ್ಚುಗೆಯ ಇಮೇಲ್‌ಗಳಿವೆಯೇ? ಒಬ್ಬ ಗ್ರಾಹಕರಾದರೂ ಅರ್ಥವಾಗಲಿಲ್ಲ ಎಂದು ಬರೆದದ್ದಿದೆಯೇ? ದೂರೇ ಇಲ್ಲದಿದ್ದರೆ ಆ ಖಾಲಿ ಜಾಗವೇ ನಿಮ್ಮ ಪರ ಸಾಕ್ಷಿ.

ನಿಮ್ಮ ಪ್ರಕರಣದ ಅತಿ ಗಟ್ಟಿಯಾದ ಭಾಗ ಬಡ್ತಿಯದ್ದಲ್ಲ, ದೂರಿನ ನಂತರ ನಡೆದದ್ದು ಎಂಬುದು ನನ್ನ ಅಭಿಪ್ರಾಯ. ಪ್ರತೀಕಾರದ ದಾವೆಯಲ್ಲಿ ಮೂಲ ದೂರು ಕಾನೂನಿನ ದೃಷ್ಟಿಯಲ್ಲಿ ಗೆಲ್ಲಬೇಕೆಂದೇನೂ ಇಲ್ಲ. ಅದು ಸದುದ್ದೇಶದ್ದಾಗಿ, ನಂಬಲು ಕಾರಣವಿರುವಂಥದ್ದಾಗಿದ್ದರೆ ಸಾಕು. 2006ರ ಬರ್ಲಿಂಗ್ಟನ್ ನಾರ್ದರ್ನ್ ವಿರುದ್ಧ ವೈಟ್ ತೀರ್ಪಿನ ಪ್ರಕಾರ, ಸಾಮಾನ್ಯ ವಿವೇಕದ ನೌಕರನೊಬ್ಬ ದೂರು ಕೊಡಲು ಹಿಂಜರಿಯುವಂತೆ ಮಾಡಬಲ್ಲ ಯಾವ ಕ್ರಮವೂ ಪ್ರತೀಕಾರವಾಗಬಹುದು. ಪಿಐಪಿ ಒಂದೇ ಸಾಕೇ ಎಂಬಲ್ಲಿ ಕೋರ್ಟುಗಳಿಗೆ ಒಮ್ಮತವಿಲ್ಲ. ಅದರ ಬೆನ್ನಿಗೆ ಬೋನಸ್ ಕಡಿತವೋ ವಜಾವೋ ಬಂದರೆ ಪ್ರಶ್ನೆಯೇ ಬೇರೆ. ಆದರೆ ಕಾರಣದ ಸಂಬಂಧ ತೋರಿಸುವುದು ಕಷ್ಟ. 2013ರಲ್ಲಿ ನಿಮ್ಮ ರಾಜ್ಯದ್ದೇ ವೈದ್ಯಕೀಯ ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ನಸ್ಸಾರ್ ತೀರ್ಪಿನಲ್ಲಿ, ದೂರು ಕೊಡದಿದ್ದರೆ ಈ ಕ್ರಮ ಆಗುತ್ತಲೇ ಇರಲಿಲ್ಲ ಎಂದು ಸಾಬೀತುಪಡಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಐದು ವಾರದ ಅಂತರ ಮೇಲ್ನೋಟದ ಪ್ರಕರಣಕ್ಕೆ ಸಾಕು, ಕೊನೆಯ ಹಂತಕ್ಕೆ ಸಾಲದು. ಅಲ್ಲಿ ಹಳೆಯ ರೇಟಿಂಗ್‌ಗಳು ಕೈಹಿಡಿಯುತ್ತವೆ. ಪಿಐಪಿಯ ಯೋಚನೆ ದೂರಿಗೆ ಮೊದಲೇ ಶುರುವಾಗಿತ್ತು ಎಂದು ತೋರಿಸಲು ಕಂಪನಿ ಹಳೆಯ ಇಮೇಲ್ ಹುಡುಕುತ್ತದೆ. ಸಿಗದಿದ್ದರೆ ಅವರ ವಾದ ದುರ್ಬಲ.

ಕಾರಣದ ಅಳತೆ ಕಾನೂನಿನಿಂದ ಕಾನೂನಿಗೆ ಬೇರೆ ಎಂಬುದನ್ನೂ ತಿಳಿದಿರಿ. ಟೈಟಲ್ ಸೆವೆನ್ ಅಡಿ, 1991ರ ತಿದ್ದುಪಡಿಯ ನಂತರ, ಜನಾಂಗ ಹಲವು ಕಾರಣಗಳಲ್ಲಿ ಒಂದಾಗಿದ್ದರೂ ಉಲ್ಲಂಘನೆಯೇ. ಆದರೆ ಜನಾಂಗವನ್ನು ಬಿಟ್ಟರೂ ಇದೇ ನಿರ್ಧಾರ ಮಾಡುತ್ತಿದ್ದೆವು ಎಂದು ಕಂಪನಿ ಸಾಬೀತುಪಡಿಸಿದರೆ ಪರಿಹಾರದ ಹಣ ಸಿಗುವುದಿಲ್ಲ. ಸೆಕ್ಷನ್ 1981ರಲ್ಲಿ, 2020ರ ಕಾಮ್‌ಕಾಸ್ಟ್ ತೀರ್ಪಿನಂತೆ, ಜನಾಂಗವಿಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದೇ ತೋರಿಸಬೇಕು.

ನಿಮ್ಮಂಥವರಿಗೆ ಈಚಿನ ವರ್ಷಗಳಲ್ಲಿ ಒಂದು ಬಾಗಿಲು ಅಗಲವಾಗಿದೆ. ಹಿಂದೆ ಐದನೇ ಸರ್ಕಿಟ್ ನೇಮಕ, ವಜಾ, ಬಡ್ತಿ, ಸಂಬಳದಂಥ ಅಂತಿಮ ನಿರ್ಧಾರಗಳನ್ನು ಮಾತ್ರ ಕೇಳುತ್ತಿತ್ತು. 2023ರಲ್ಲಿ ಡಲ್ಲಾಸ್ ಕೌಂಟಿಯ ಪ್ರಕರಣದಲ್ಲಿ ಅದು ಆ ನಿಯಮವನ್ನು ಕೈಬಿಟ್ಟಿತು. ಮರುವರ್ಷ ಮುಲ್ಡ್ರೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲಸದ ಷರತ್ತುಗಳಲ್ಲಿ ‘ಒಂದಿಷ್ಟು ಹಾನಿ’ ತೋರಿಸಿದರೆ ಸಾಕು, ಅದು ದೊಡ್ಡದಿರಬೇಕಿಲ್ಲ ಎಂದಿತು. 2025ರ ಏಮ್ಸ್ ತೀರ್ಪು ಬಹುಸಂಖ್ಯಾತ ಗುಂಪಿನವರು ದಾವೆ ಹೂಡಿದರೂ ಅವರಿಗೆ ಹೆಚ್ಚುವರಿ ಭಾರ ಹೊರಿಸುವಂತಿಲ್ಲ ಎಂದು ಒಮ್ಮತದಿಂದ ಹೇಳಿತು.

ಪ್ರಕ್ರಿಯೆಯ ಬಗ್ಗೆ. ಇಇಒಸಿಗೆ ದೂರು ಹೋದ ಮೇಲೆ ಕಂಪನಿಗೆ ನೋಟಿಸ್ ಹೋಗುತ್ತದೆ, ಕೆಲವೊಮ್ಮೆ ಉಚಿತ ಮಧ್ಯಸ್ಥಿಕೆಗೆ ಕರೆಯುತ್ತಾರೆ, ಬಹುತೇಕ ದೂರುಗಳಲ್ಲಿ ಕೊನೆಗೆ ದಾವೆ ಹೂಡುವ ಹಕ್ಕಿನ ಪತ್ರ ಕೈಗೆ ಬರುತ್ತದೆ. ಅದು ಸಿಕ್ಕ 90 ದಿನದೊಳಗೆ ಕೋರ್ಟಿನಲ್ಲಿರಬೇಕು. 91ನೇ ದಿನ ಹೋದರೆ ಕೇಳುವವರಿಲ್ಲ. ಇಇಒಸಿ ಫಾರ್ಮ್ ತುಂಬುವಾಗ ಏನು ಬರೆಯುತ್ತೀರೋ ಅದರ ಎಲ್ಲೆಯೊಳಗೇ ಮುಂದಿನ ದಾವೆ. ಟೆಕ್ಸಾಸ್‌ನ ಫೋರ್ಟ್ ಬೆಂಡ್ ಕೌಂಟಿಯ ನೌಕರರೊಬ್ಬರು ‘ಧರ್ಮ’ ಎಂಬುದನ್ನು ಅಧಿಕೃತ ದೂರಿನಲ್ಲಿ ಸೇರಿಸದೆ ಬೇರೊಂದು ಪ್ರಶ್ನಾವಳಿಯಲ್ಲಿ ಬರೆದಿದ್ದರು. ಆ ಜಗಳ 2019ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಕೌಂಟಿ ಆಕ್ಷೇಪ ಎತ್ತಲು ತಡಮಾಡಿದ್ದರಿಂದ ಅವರ ದಾವೆ ಉಳಿಯಿತು. ನಿಮ್ಮ ಎದುರಾಳಿ ತಡಮಾಡುತ್ತಾರೆ ಎಂದು ನಂಬಿ ಕೂರುವಂತಿಲ್ಲ.

ದೂರು ದಾಖಲಿಸುವುದರಿಂದ ಇನ್ನೊಂದು ಲಾಭವಿದೆ. ಬಡ್ತಿಗೆ ಸಂಬಂಧಿಸಿದ ಕಡತಗಳನ್ನು ಕಂಪನಿ ಸಾಮಾನ್ಯವಾಗಿ ಒಂದು ವರ್ಷ ಮಾತ್ರ ಇಟ್ಟುಕೊಳ್ಳಬೇಕು; ದೂರು ಬಂದ ಮೇಲೆ ಪ್ರಕರಣ ಮುಗಿಯುವ ತನಕ ನಾಶ ಮಾಡುವಂತಿಲ್ಲ. ಐದು ತಿಂಗಳ ಹಿಂದಿನ ಸಂದರ್ಶನದ ಅಂಕಪಟ್ಟಿಗಳು ಇನ್ನೂ ಇರಬೇಕು. ಅವು ಅಲ್ಲಿರುವಾಗಲೇ ದೂರು ಕೊಡಿ.

ಕೋರ್ಟಿನಲ್ಲಿ ಬಹಳಷ್ಟು ಕೇಸುಗಳು ಜ್ಯೂರಿಯ ಮುಖ ನೋಡುವುದೇ ಇಲ್ಲ. ಸಮ್ಮರಿ ಜಡ್ಜ್‌ಮೆಂಟ್ ಹಂತದಲ್ಲಿ ಕಂಪನಿ ‘ವಿಚಾರಣೆಗೆ ಯೋಗ್ಯವಾದ ನಿಜವಾದ ವಿವಾದವೇ ಇಲ್ಲ’ ಎಂದು ಅರ್ಜಿ ಹಾಕುತ್ತದೆ, ನ್ಯಾಯಾಧೀಶರು ಕಾಗದ ನೋಡಿ ಮುಗಿಸಿಬಿಡಬಹುದು. ಅದನ್ನು ದಾಟಿದ ಕೇಸಿಗೆ ರಾಜಿಯ ಮಾತು ತಾನಾಗಿ ಬರುತ್ತದೆ. ಹಣದ ಲೆಕ್ಕ: ಟೈಟಲ್ ಸೆವೆನ್ ಅಡಿ ಮಾನಸಿಕ ನೋವಿನ ಪರಿಹಾರ ಮತ್ತು ದಂಡರೂಪದ ಪರಿಹಾರ ಎರಡೂ ಸೇರಿ ಮಿತಿಯಿದೆ. 201ರಿಂದ 500 ನೌಕರರಿರುವ ಕಂಪನಿಗೆ 2,00,000 ಡಾಲರ್. 500 ಮೀರಿದರೂ 3,00,000ಕ್ಕೆ ನಿಲ್ಲುತ್ತದೆ. 1991ರಲ್ಲಿ ಹಾಕಿದ ಈ ಅಂಕಿಗಳನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿಯೇ ಇಲ್ಲ, ಇದು ನನಗೆ ನಾಚಿಕೆಗೇಡು ಅನ್ನಿಸುತ್ತದೆ. ಕಳೆದುಕೊಂಡ ಸಂಬಳ ಈ ಮಿತಿಯ ಹೊರಗೆ. ಸೆಕ್ಷನ್ 1981ರಲ್ಲಿ ಈ ಮಿತಿಯೇ ಇಲ್ಲ, ಅದಕ್ಕೇ ಎರಡನ್ನೂ ಸೇರಿಸಿ ದಾವೆ ಹಾಕುತ್ತಾರೆ.

ವೀಸಾದ ಭಯ ನನಗೆ ಅರ್ಥವಾಗುತ್ತದೆ. ಟೈಟಲ್ ಸೆವೆನ್ ವಿದೇಶಿ ಪ್ರಜೆಗಳನ್ನೂ ಜನಾಂಗ ತಾರತಮ್ಯದಿಂದ ಕಾಪಾಡುತ್ತದೆ. 1973ರಲ್ಲಿ ಸ್ಯಾನ್ ಆಂಟೋನಿಯೋದ ಎಸ್ಪಿನೋಜಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ, ಪೌರತ್ವದ ಕಾರಣಕ್ಕೆ ಮಾಡುವ ಭೇದ ಮಾತ್ರ ಅದರೊಳಗೆ ಬರುವುದಿಲ್ಲ ಎಂಬ ಷರತ್ತಿನೊಂದಿಗೆ. ಕೆಲಸ ಹೋದರೆ ಎಚ್-1ಬಿಯವರಿಗೆ ಹೆಚ್ಚೆಂದರೆ 60 ದಿನದ ಅವಕಾಶ. ಆದ್ದರಿಂದ ವಲಸೆ ವಕೀಲರ ಜೊತೆಗೂ ಈಗಲೇ ಒಮ್ಮೆ ಮಾತಾಡಿ. ಬೇಸತ್ತು ರಾಜೀನಾಮೆ ಕೊಡಬೇಡಿ. ಬಲವಂತದಿಂದ ಬಿಟ್ಟೆ ಎಂದು ಸಾಬೀತುಪಡಿಸಲು ಕೋರ್ಟ್ ಕೇಳುವ ಮಟ್ಟ ತುಂಬ ಎತ್ತರ. ಪಿಐಪಿಯಲ್ಲಿ ಹೇಳಿದ್ದನ್ನು ಪ್ರಾಮಾಣಿಕವಾಗಿ ಮಾಡಿ, ಒಪ್ಪದ ಅಂಶಗಳಿಗೆ ಶಾಂತವಾದ ಭಾಷೆಯಲ್ಲಿ ಲಿಖಿತ ಉತ್ತರ ಕೊಡಿ.

ಕಂಪನಿಯ ಗೋಪ್ಯ ಕಡತಗಳನ್ನು ನಿಮ್ಮ ಖಾಸಗಿ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. 1995ರ ಮೆಕೆನನ್ ಪ್ರಕರಣದಲ್ಲಿ ನೌಕರರೊಬ್ಬರು ಗೋಪ್ಯ ಕಾಗದಗಳನ್ನು ನಕಲು ಮಾಡಿಕೊಂಡದ್ದು ಆಮೇಲೆ ಬಯಲಾಯಿತು. ದಾವೆ ಬೀಳಲಿಲ್ಲ, ಆದರೆ ಸಿಗಬಹುದಾದ ಪರಿಹಾರ ಕುಗ್ಗಿತು. ನಿಮ್ಮದೇ ರೇಟಿಂಗ್, ನಿಮಗೆ ಬಂದ ಪಿಐಪಿ ಪತ್ರ, ನೀವು ಎಚ್‌ಆರ್‌ಗೆ ಬರೆದ ಇಮೇಲ್, ಇವುಗಳ ಪ್ರತಿಯನ್ನು ಯಾವ ರೀತಿ ಇಟ್ಟುಕೊಳ್ಳಬಹುದೆಂದು ವಕೀಲರನ್ನು ಕೇಳಿ ಮಾಡಿ.

ಕೊನೆಯದಾಗಿ, ಆರು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕಾಗದಗಳನ್ನು ಹುಡುಕಿ. ಅದರಲ್ಲಿ ಆರ್ಬಿಟ್ರೇಷನ್ ಒಪ್ಪಂದವಿದ್ದರೆ ನಾನು ಮೇಲೆ ವಿವರಿಸಿದ ಕೋರ್ಟಿಗೂ ಜ್ಯೂರಿಗೂ ನೀವು ಹೋಗುವುದೇ ಇಲ್ಲದಿರಬಹುದು. ಒಬ್ಬ ಖಾಸಗಿ ಮಧ್ಯಸ್ಥರ ಮುಂದೆ ಇದೇ ಕಾನೂನು, ಇದೇ ಪರೀಕ್ಷೆಗಳು ನಡೆಯುತ್ತವೆ, ಮೇಲ್ಮನವಿಗೆ ಅವಕಾಶ ತೀರ ಕಡಿಮೆ. 2022ರಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ಇಂಥ ಬಲವಂತದ ಒಪ್ಪಂದದಿಂದ ಹೊರತಂದ ಕಾನೂನು ಜನಾಂಗ ತಾರತಮ್ಯದ ದೂರುಗಳನ್ನು ಅಲ್ಲೇ ಬಿಟ್ಟಿದೆ. ಒಪ್ಪಂದ ಇದ್ದರೂ ಇಇಒಸಿಗೆ ದೂರು ಕೊಡುವ ನಿಮ್ಮ ಹಕ್ಕು ಹೋಗುವುದಿಲ್ಲ, ಗಡುವುಗಳೂ ಬದಲಾಗುವುದಿಲ್ಲ. ವಕೀಲರ ಮೊದಲ ಭೇಟಿಗೆ ಆ ಒಪ್ಪಂದ, ಪಿಐಪಿ ಪತ್ರ, ಎಚ್‌ಆರ್ ಇಮೇಲ್, ದಿನಾಂಕಗಳ ಪಟ್ಟಿ ಇಷ್ಟನ್ನು ತೆಗೆದುಕೊಂಡು ಹೋಗಿ.